ಬಂದ ಎಲೆ, ಆಡಿದ ಆಟ

2025ರ ಮೇ ತಿಂಗಳ ಒಂದು ಮಧ್ಯಾಹ್ನ. ಕೊಪ್ಪಳದ ಬೇಸಿಗೆಯೆಂದರೆ ಏನೆಂಬುದನ್ನು ಈ ಬರಹ ಓದುವ ನಿಮಗೆ ನಾನು ಬಣ್ಣಿಸಬೇಕಾಗಿಲ್ಲ. ಊಟ ಮುಗಿಸಿ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಅಡ್ಡಾಗಿದ್ದೆ. ಬೆಂಗಳೂರಿನಿಂದ ರಜೆಗೆಂದು ಬಂದಿದ್ದ ಮಗಳ ಮಗ ಗೋಡೆಗೆ ಒರಗಿ, ಕೈಯಲ್ಲಿ ಮೊಬೈಲು ಹಿಡಿದು ಕುಳಿತಿದ್ದ. ಇದ್ದಕ್ಕಿದ್ದಂತೆ ನಿಟ್ಟುಸಿರು ಬಿಟ್ಟು, "ಅಜ್ಜಾ, ಎರಡು ವಾರ ಆತು, ಡೈಮಂಡ್ ಐದರಾಗ ಸಿಕ್ಕೊಂಡು ಕುಂತೀನಿ" ಎಂದ.

"ಡೈಮಂಡ್ ಐದು ಅಂಥಾ ದೊಡ್ಡ ಎಲೆ ಏನಲ್ಲಲೋ, ಒಗೆದುಬಿಡು" ಎಂದೆ ನಾನು, ಕಣ್ಣು ತೆರೆಯದೆಯೇ.

ಅವನು ಬಿದ್ದು ಬಿದ್ದು ನಕ್ಕ. ಒಳಗಿನಿಂದ ನಮ್ಮ ಮನೆಯವರು ಬಂದು ಏನಾಯಿತೆಂದು ಕೇಳಿದರು. ಆಮೇಲೆ ತಿಳಿಯಿತು: ಡೈಮಂಡ್ ಐದು ಎಂಬುದು ಎಲೆಯಲ್ಲ, ಶ್ರೇಣಿ. ಅವನು ಆಡುತ್ತಿದ್ದುದು ಎಲೆಯಾಟವೇ ಆದರೂ ನಾನು ಬಲ್ಲ ಎಕ್ಕ, ರಾಜ, ರಾಣಿ, ಗುಲಾಮರ ಆಟವಲ್ಲ. ಹೆಸರು ಹಾರ್ತ್‌ಸ್ಟೋನ್. 2014ರಲ್ಲಿ ಅಮೆರಿಕೆಯ ಬ್ಲಿಝರ್ಡ್ ಎಂಬ ಸಂಸ್ಥೆ ಹೊರತಂದ ಆಟ. ಜಗತ್ತಿನ ಯಾವುದೋ ಮೂಲೆಯಲ್ಲಿ ಕುಳಿತ, ಮುಖ ಕಾಣದ ಎದುರಾಳಿಯೊಡನೆ ಆಡುವುದು. ಗೆದ್ದರೆ ಒಂದು ನಕ್ಷತ್ರ ಬರುತ್ತದೆ, ಸೋತರೆ ಒಂದು ಹೋಗುತ್ತದೆ.

ಆ ದಿನದಿಂದ ಅವನು ಊರಿಗೆ ಹಿಂತಿರುಗುವ ತನಕ, ಮಧ್ಯಾಹ್ನ ಒಂದು ಗಂಟೆ ಅವನು ನನಗೆ ಗುರು, ನಾನು ಶಿಷ್ಯ. ಗಣಿತದ ಮೇಷ್ಟ್ರಾಗಿ ಮೂವತ್ತನಾಲ್ಕು ವರ್ಷ ಕಳೆದವನಿಗೆ ಈ ವಯಸ್ಸಿನಲ್ಲಿ ಎಲೆಯಾಟದ ಹುಚ್ಚು ಏಕೆ ಎಂದು ನೀವು ನಗಬಹುದು. ನಕ್ಕು ಮುಂದೆ ಓದಿರಿ. ಆ ಆಟದಿಂದ ನಾನು ಕಲಿತದ್ದು ನನ್ನ ಕಸುಬಿಗೆ ಸಂಬಂಧಿಸಿದ್ದು. ನಿಮ್ಮಲ್ಲಿ ಕೆಲವರಿಗೂ ಸಂಬಂಧಿಸಿದ್ದು.

ಆಟಗಳು ನಮ್ಮ ಸೀಮೆಗೆ ಹೊಸವಲ್ಲ. ಗಂಗಾವತಿಯ ಶಾಲೆಯಲ್ಲಿದ್ದಾಗ ನಿಮ್ಮನ್ನು ಆನೆಗುಂದಿಯಿಂದ ಹೊಳೆ ದಾಟಿಸಿ ಹಂಪಿಗೆ ಕರೆದೊಯ್ದದ್ದು ನೆನಪಿರಬಹುದು. ಅಲ್ಲಿಯ ಗುಡಿಗಳ ಹಾಸುಗಲ್ಲುಗಳ ಮೇಲೆ ಗೆರೆ ಎಳೆದು, ಕುಳಿ ಕೊರೆದು ಮಾಡಿದ ಆಟದ ಮನೆಗಳನ್ನು ನೀವೇ ಮೊದಲು ಕಂಡುಹಿಡಿದು, ಕಲ್ಲು ಹರಳುಗಳನ್ನಿಟ್ಟು ಹುಲಿ-ಕುರಿ ಆಡಲು ಕುಳಿತಿರಿ. ನಾನು ಗದರಿಸಿ ಎಬ್ಬಿಸಿದೆ. ಇತಿಹಾಸ ನೋಡಲು ಬಂದು ಆಟಕ್ಕೆ ಕುಳಿತಿರಲ್ಲ ಎಂಬ ಸಿಟ್ಟು ನನಗೆ. ಆ ಆಟವೂ ಇತಿಹಾಸವೇ ಎಂದು ಆಗ ಹೊಳೆಯಲಿಲ್ಲ.

ಹುಲಿ-ಕುರಿ ಆಟದಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ; ಅಡಗಿದ್ದು ಏನೂ ಇಲ್ಲ. ಸೋತರೆ ತಪ್ಪು ನಿಮ್ಮದೇ. ಪಗಡೆ, ಚೌಕಾಬಾರಗಳಲ್ಲಿ ದಾಳ ಅಥವಾ ಕವಡೆ ಬಿದ್ದಂತೆ ನಡೆ. ಎಲೆಯಾಟದ ಸೊಗಸು ಇವೆರಡರ ನಡುವಿನದು. ಎಲೆ ಬರುವುದು ನಮ್ಮ ಕೈಯಲ್ಲಿಲ್ಲ, ಬಂದ ಎಲೆಯನ್ನು ಆಡುವುದು ನಮ್ಮ ಕೈಯಲ್ಲಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಬೆಡಗಿಗೆ ಮನಸೋತವರು. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗದಲ್ಲಿ ಅವರು ರೂಪಿಸಿದ ಗಂಜೀಫಾ ಆಟಗಳ ವಿವರಣೆ ಇದೆ. 36 ಎಲೆಗಳ ಆಟದಿಂದ ಹಿಡಿದು 360 ಎಲೆಗಳ ಆಟದವರೆಗೆ! ಇಂದಿನ ಮಕ್ಕಳು ಸಾವಿರಾರು ಬಗೆಯ ಎಲೆಗಳ ಹೆಸರು, ಗುಣಗಳನ್ನು ಬಾಯಿಪಾಠ ಮಾಡಿಕೊಂಡಿರುವುದನ್ನು ಕಂಡರೆ ಆ ಅರಸರು ಸಂತೋಷಪಡುತ್ತಿದ್ದರೇನೋ.

ನಮ್ಮ ಮನೆಗಳಲ್ಲಿ ಮಾತ್ರ ಇಸ್ಪೀಟು ಎಂದರೆ ಮೂಗು ಮುರಿಯುವ ಪದ್ಧತಿ. ಅದಕ್ಕೆ ಕಾರಣವೂ ಇತ್ತು. ಅಂದರ್-ಬಾಹರ್ ಆಡಿ ಹೊಲ ಕಳೆದುಕೊಂಡವರನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದರು. ಆದರೆ ಎಲ್ಲ ಎಲೆಯಾಟವೂ ಅಂದರ್-ಬಾಹರ್ ಅಲ್ಲ. ರಮ್ಮಿಯ ಬಗ್ಗೆ ನಮ್ಮ ಸರ್ವೋಚ್ಚ ನ್ಯಾಯಾಲಯವೇ 1967ರಲ್ಲಿ ಹೇಳಿದೆ: ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತಿಳಿದಿರಬೇಕು, ಆದ್ದರಿಂದ ಅದು ಮುಖ್ಯವಾಗಿ ಕೌಶಲದ ಆಟ ಎಂದು.

ಮೊಮ್ಮಗನ ಆಟಕ್ಕೆ ಬರುತ್ತೇನೆ. ಇಸ್ಪೀಟಿನಲ್ಲಿ ಇಬ್ಬರಿಗೂ ಒಂದೇ ಕಟ್ಟಿನಿಂದ ಎಲೆ ಹಂಚುತ್ತೇವೆ. ಇಲ್ಲಿ ಹಾಗಲ್ಲ. ಪ್ರತಿಯೊಬ್ಬನೂ ತನ್ನ ಸಂಗ್ರಹದಿಂದ 30 ಎಲೆಗಳನ್ನು ಆರಿಸಿ ತನ್ನದೇ ಕಟ್ಟನ್ನು ಮನೆಯಿಂದ ಕಟ್ಟಿಕೊಂಡು ಬರಬೇಕು. ಒಂದೇ ಬಗೆಯ ಎಲೆ ಎರಡಕ್ಕಿಂತ ಹೆಚ್ಚು ಇರಕೂಡದು. ಅತಿ ವಿರಳವಾದ ಎಲೆಯಾದರೆ ಒಂದೇ. ಪ್ರತಿ ಎಲೆಗೂ ಒಂದು ಬೆಲೆ. ಮೊದಲ ಸರದಿಯಲ್ಲಿ ನಿಮ್ಮ ಬಳಿ ಒಂದು ಹರಳು, ಎರಡನೆಯದರಲ್ಲಿ ಎರಡು, ಹೀಗೆ ಹತ್ತರವರೆಗೆ. ಆ ಹರಳುಗಳನ್ನು ಖರ್ಚು ಮಾಡಿ ಎಲೆ ಆಡಬೇಕು. ದುಬಾರಿ ಎಲೆಗಳನ್ನೇ ತುಂಬಿಕೊಂಡವನು ಮೊದಲ ನಾಲ್ಕು ಸರದಿ ಕೈಕಟ್ಟಿ ಕೂರುತ್ತಾನೆ. ಅಗ್ಗದವನ್ನೇ ತುಂಬಿಕೊಂಡವನು ಮೊದಲು ಅಬ್ಬರಿಸಿ ಕೊನೆಗೆ ಬರಿಗೈಯಾಗುತ್ತಾನೆ. ಎರಡರ ಹದ ಕಂಡುಕೊಳ್ಳುವುದೇ ಕಟ್ಟು ಕಟ್ಟುವ ವಿದ್ಯೆ.

ಮೊದಲು ಆಡುವವನಿಗೆ ಅನುಕೂಲ ಹೆಚ್ಚಲ್ಲವೇ ಎಂದು ಕೇಳಿದೆ. ಅದಕ್ಕೂ ಪರಿಹಾರವಿದೆ. ಮೊದಲಿಗನಿಗೆ ಆರಂಭದಲ್ಲಿ ಮೂರು ಎಲೆ; ಎರಡನೆಯವನಿಗೆ ನಾಲ್ಕು ಎಲೆ, ಜೊತೆಗೆ ಒಂದು ನಾಣ್ಯ. ಆ ನಾಣ್ಯದಿಂದ ಒಂದೇ ಒಂದು ಸಲ ಒಂದು ಹರಳು ಹೆಚ್ಚಿಗೆ ಪಡೆಯಬಹುದು. ಆಟ ಶುರುವಾಗುವ ಮುನ್ನ, ಬಂದ ಎಲೆಗಳಲ್ಲಿ ಬೇಡದವನ್ನು ಒಂದು ಸಲ ಹಿಂತಿರುಗಿಸಿ ಬೇರೆ ಪಡೆಯಲೂಬಹುದು. "ಭಾಳ ಮಂದಿ ಇಲ್ಲೇ ಸೋಲ್ತಾರ ಅಜ್ಜಾ. ಚೆಂದನ ಎಲಿ ಬಂತು ಅಂತ ಇಟ್ಕೊಂಡುಬಿಡ್ತಾರ. ಅದು ಎಂಟನೇ ಸರದಿಗೆ ಬೇಕಾದ ಎಲಿ. ಎರಡನೇ ಸರದಿಗೆ ಏನ್ ಮಾಡಬೇಕು?" ಎಂದ ಮೊಮ್ಮಗ. ಮೃಗಶಿರಕ್ಕೆ ಬಿತ್ತುವ ಬೀಜ ಕೈಯಲ್ಲಿಲ್ಲದೆ ಸುಗ್ಗಿಯ ಚೀಲ ಹೊಲಿಸಿಟ್ಟುಕೊಂಡ ರೈತನ ಹಾಗೆ, ಎಂದೆ. ಅವನಿಗೆ ಮೃಗಶಿರ ಗೊತ್ತಿರಲಿಲ್ಲ. ಅದನ್ನು ನಾನು ಹೇಳಿಕೊಟ್ಟೆ.

ತಂತ್ರದಲ್ಲಿ ಎರಡು ಮುಖ್ಯ ಜಾತಿ. ಒಂದು ಅವಸರದ ಕಟ್ಟು: ಎದುರಾಳಿ ಸಾವರಿಸಿಕೊಳ್ಳುವ ಮೊದಲೇ ಅವನ 30 ಅಂಕಗಳ ಜೀವವನ್ನು ಸೊನ್ನೆಗೆ ಇಳಿಸುವುದು. ಇನ್ನೊಂದು ತಾಳ್ಮೆಯ ಕಟ್ಟು: ಎದುರಾಳಿಯ ಏಟುಗಳನ್ನೆಲ್ಲ ತಾಳಿಕೊಂಡು, ಅವನ ಎಲೆ ತೀರಿದ ಮೇಲೆ ತನ್ನ ದೊಡ್ಡ ಎಲೆಗಳನ್ನು ಇಳಿಸುವುದು. ಪ್ರತಿ ಆಟದಲ್ಲೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, "ಈ ಹೊತ್ತು ನುಗ್ಗಬೇಕಾದವನು ನಾನೋ, ಅವನೋ?" ಎಂಬುದು. ಕಾಲ ಯಾರ ಪರವಾಗಿದೆ ಎಂದು ಅರಿಯದೆ ನುಗ್ಗಿದವನೂ ಸೋಲುತ್ತಾನೆ, ಕಾದವನೂ ಸೋಲುತ್ತಾನೆ.

ಇನ್ನೊಂದು ಸೂಕ್ಷ್ಮವಿದೆ. ಯಾವ ಕಟ್ಟು ಒಳ್ಳೆಯದು ಎಂಬುದಕ್ಕೆ ಶಾಶ್ವತ ಉತ್ತರವಿಲ್ಲ. ಈ ವಾರ ಎಲ್ಲರೂ ಏನು ಆಡುತ್ತಿದ್ದಾರೆ ಎಂಬುದರ ಮೇಲೆ ಅದು ನಿಂತಿದೆ. ನಮ್ಮ ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ವರ್ಷ ಈರುಳ್ಳಿಗೆ ಒಳ್ಳೆಯ ರೇಟು ಬಂತೆಂದು ಮರುವರ್ಷ ಊರಿಗೆ ಊರೇ ಈರುಳ್ಳಿ ಹಚ್ಚಿದರೆ ರೇಟು ನೆಲ ಕಚ್ಚುತ್ತದೆ. ಆ ವರ್ಷ ಬೇರೇನೋ ಬೆಳೆದವನು ಬದುಕುತ್ತಾನೆ. ಎಲೆಯಾಟದ ಪೇಟೆಯೂ ಹಾಗೆಯೇ. ಎಲ್ಲರೂ ಅವಸರದ ಕಟ್ಟು ಹಿಡಿದಾಗ ಅದನ್ನು ತಡೆಯುವ ಕಟ್ಟಿಗೆ ಬೆಲೆ. ಎಲ್ಲರೂ ಅದನ್ನು ಹಿಡಿದಾಗ ಮತ್ತೊಂದಕ್ಕೆ.

ಇನ್ನು ಶ್ರೇಣಿಯ ವಿಚಾರ. ಕಂಚು, ಬೆಳ್ಳಿ, ಬಂಗಾರ, ಪ್ಲಾಟಿನಂ, ಡೈಮಂಡ್ ಎಂದು ಐದು ಅಂತಸ್ತು. ಪ್ರತಿ ಅಂತಸ್ತಿನಲ್ಲಿ ಹತ್ತರಿಂದ ಒಂದರವರೆಗೆ ಹತ್ತು ಮೆಟ್ಟಿಲು. ಪ್ರತಿ ಮೆಟ್ಟಿಲಿಗೆ ಮೂರು ನಕ್ಷತ್ರ. ಎಲ್ಲವನ್ನೂ ದಾಟಿದರೆ ಲೆಜೆಂಡ್ ಎಂಬ ಅಟ್ಟ. ಕೆಳಗಿನ ಮೆಟ್ಟಿಲುಗಳಲ್ಲಿ ಸಾಲಾಗಿ ಗೆದ್ದವನಿಗೆ ನಕ್ಷತ್ರಗಳು ಹೆಚ್ಚಿಗೆ ಸಿಗುತ್ತವೆ. ಡೈಮಂಡ್ ಐದಕ್ಕೆ ಬಂದ ಮೇಲೆ ಆ ರಿಯಾಯಿತಿ ನಿಂತುಹೋಗುತ್ತದೆ. ಅಲ್ಲಿಂದ ಅಟ್ಟಕ್ಕೆ ಐದು ಮೆಟ್ಟಿಲು, ಎಂದರೆ ಸೋಲುಗಳನ್ನು ಕಳೆದು 15 ಗೆಲುವು ಉಳಿಯಬೇಕು. ಮೊಮ್ಮಗ ಸಿಕ್ಕಿಬಿದ್ದದ್ದು ಅಲ್ಲಿಯೇ.

"ನೀ ನೂರು ಆಟದಾಗ ಎಷ್ಟು ಗೆಲ್ತೀಯೋ?" ಎಂದು ಕೇಳಿದೆ. ಐವತ್ತೈದು ಎಂದ. ಕಾಗದ ತರಲು ಹೇಳಿದೆ. ನೂರರಲ್ಲಿ 55 ಗೆದ್ದು 45 ಸೋತರೆ ಉಳಿಯುವುದು ಹತ್ತು. ಹದಿನೈದು ಉಳಿಯಬೇಕಾದರೆ ಸುಮಾರು 150 ಆಟ ಬೇಕು. ಆಟಕ್ಕೆ ಹತ್ತು ನಿಮಿಷವೆಂದು ಹಿಡಿದರೂ 25 ಗಂಟೆ. ನೂರಕ್ಕೆ 52 ಮಾತ್ರ ಗೆಲ್ಲುವವನಿಗೆ 375 ಆಟ. "ನೀ ಸಿಕ್ಕೊಂಡಿಲ್ಲಪ್ಪಾ, ದಾರಿಯೇ ಅಷ್ಟು ಉದ್ದ ಐತಿ" ಎಂದೆ. ಅವನ ಮುಖ ಸ್ವಲ್ಪ ಅರಳಿತು.

ಗಣಿತದ ಚಟ ಬಿಡುವುದಿಲ್ಲ. ಮುಂದೆ ಇನ್ನೊಂದು ಲೆಕ್ಕ ಮಾಡಿದೆ. ನೂರಕ್ಕೆ 55 ಗೆಲ್ಲುವವನು ಎದುರಾಳಿಗಿಂತ ನಿಶ್ಚಯವಾಗಿ ಮೇಲು. ಆದರೆ ಒಂದೇ ಆಟ ಆಡಿಸಿದರೆ ಅವನು ಸೋಲುವ ಸಾಧ್ಯತೆ ನೂರಕ್ಕೆ 45. ಹತ್ತು ಆಟ ಆಡಿಸಿದರೆ ಅವನ ಸೋಲುಗಳೇ ಹೆಚ್ಚಾಗುವ ಸಾಧ್ಯತೆ ನೂರಕ್ಕೆ 26. ನೂರು ಆಟ ಆಡಿಸಿದರೂ ನೂರಕ್ಕೆ 13. ಸಾವಿರ ಆಟ ಆಡಿಸಿದಾಗ ಮಾತ್ರ ಆ ಸಾಧ್ಯತೆ ಸಾವಿರಕ್ಕೆ ಒಂದಕ್ಕಿಂತ ಕಡಿಮೆಯಾಗುತ್ತದೆ. ಅಂದರೆ ಯಾರು ಮೇಲು, ಯಾರು ಕೀಳು ಎಂದು ನಂಬಿಕೆಯಿಂದ ಹೇಳಬೇಕಾದರೆ ನೂರಾರು ಆಟಗಳನ್ನು ನೋಡಬೇಕು. ಒಂದು ಕೈ ನೋಡಿ ಶ್ರೇಣಿ ಹಚ್ಚುವವನು ಎಲೆಗೆ ಶ್ರೇಣಿ ಹಚ್ಚುತ್ತಾನೆ, ಆಡಿದವನಿಗಲ್ಲ.

ಈ ವಾಕ್ಯವನ್ನು ಬರೆದು ಸುಮ್ಮನೆ ಕುಳಿತೆ.

ಮೊಮ್ಮಗನ ಬಳಿ ಇನ್ನೂರು ಪುಟದ ಒಂದು ನೋಟುಬುಕ್ಕಿತ್ತು. ಪ್ರತಿ ಆಟ ಮುಗಿದ ಮೇಲೆ ಅದರಲ್ಲಿ ಒಂದು ಸಾಲು ಬರೆಯುತ್ತಿದ್ದ. ಎರಡು ಅಂಕಣ. ಒಂದರ ತಲೆಯ ಮೇಲೆ "ಎಲೆ", ಇನ್ನೊಂದರ ತಲೆಯ ಮೇಲೆ "ಆಟ". ಸೋತಾಗ, ಎಲೆ ಕೆಟ್ಟದಾಗಿ ಬಂದದ್ದರಿಂದ ಸೋತೆನೋ, ತಪ್ಪು ಆಡಿದ್ದರಿಂದ ಸೋತೆನೋ ಎಂದು ವಿಚಾರಿಸಿ ತಕ್ಕ ಅಂಕಣದಲ್ಲಿ ಗುರುತು ಹಾಕುವುದು. ನನಗೆ ಹೆಚ್ಚು ಆಶ್ಚರ್ಯವಾದದ್ದು, ಗೆದ್ದ ಆಟಗಳಿಗೂ ಅವನು ಸಾಲು ಬರೆಯುತ್ತಿದ್ದ. "ಗೆದ್ದೆ. ಆರನೇ ಸರದಿ ತಪ್ಪು. ಅವನ ಕೈಯಾಗ ಆ ಎಲಿ ಇದ್ದಿದ್ರ ಸೋಲ್ತಿದ್ದೆ" ಎಂದು ಒಂದು ಕಡೆ ಬರೆದಿತ್ತು. ಗೆದ್ದ ಮೇಲೂ ತನ್ನ ತಪ್ಪನ್ನು ಬರೆದಿಟ್ಟುಕೊಳ್ಳುವ ಹುಡುಗರನ್ನು ನಾನು ಶಾಲೆಯಲ್ಲಿ ಹೆಚ್ಚು ಕಂಡವನಲ್ಲ. ಬರೆಯಲು ಹೇಳಿಕೊಟ್ಟವನೂ ಅಲ್ಲ.

"ಯಾಕೋ ಇದೆಲ್ಲಾ?" ಎಂದೆ.

"ಎಲಿ ಅಂಕಣ ನಾ ತಿದ್ದಾಕ ಬರೂದಿಲ್ಲಲ್ಲ ಅಜ್ಜಾ. ಆಟದ ಅಂಕಣ ಒಂದ ನಂದು. ಎರಡೂ ಕಲಸಿಬಿಟ್ರ ಏನೂ ಕಲಿಯಾಕ ಆಗೂದಿಲ್ಲ."

ಇಲ್ಲಿ ನಾನು ನಿಮಗೆ ಒಂದು ಹಳೆಯ ಸಂಗತಿಯನ್ನು ಹೇಳಬೇಕು. ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಕೆಲಸ ಮಾಡುತ್ತಿದ್ದ ಕಾಲ. ವರ್ಷ 1986. ಕೊಪ್ಪಳ ಇನ್ನೂ ಜಿಲ್ಲೆಯಾಗಿರಲಿಲ್ಲ, ರಾಯಚೂರಿಗೇ ಸೇರಿತ್ತು. ಅದೇ ಕೊಪ್ಪಳ ಸೀಮೆಯ ಒಂದು ಅಂಚಿನಲ್ಲಿ ಗಂಗಾವತಿ, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು, ಎರಡು ಬೆಳೆ ಭತ್ತ. ಇನ್ನೊಂದು ಅಂಚಿನಲ್ಲಿ ಯಲಬುರ್ಗಾ, ಕುಷ್ಟಗಿ, ಮುಗಿಲು ನೋಡಿ ಬದುಕುವ ಒಣಬೇಸಾಯ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮುದುಕರನ್ನು ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಗುಳೆ ಹೋಗುವುದು ಇಲ್ಲಿಯ ರೂಢಿ. ಒಬ್ಬ ಹುಡುಗನಿಗೆ ಕಾಲುವೆಯ ಹೊಲ, ಇನ್ನೊಬ್ಬನಿಗೆ ಮಳೆಯ ಹೊಲ. ಇದು ಹುಟ್ಟಿದಾಗಲೇ ಹಂಚಿದ ಎಲೆ.

ನನ್ನ ಎಂಟನೆಯ ತರಗತಿಯ ಒಬ್ಬ ಹುಡುಗ ಆ ವರ್ಷ ತಂದೆ ತಾಯಿಯೊಡನೆ ಗುಳೆ ಹೋದ. ಮರಳಿ ಬಂದದ್ದು ಅರ್ಧವಾರ್ಷಿಕ ಪರೀಕ್ಷೆಗೆ ಎಂಟು ದಿನವಿರುವಾಗ. ಅವನ ಗಣಿತದ ಉತ್ತರಪತ್ರಿಕೆ ಈಗಲೂ ನನ್ನ ಕಣ್ಣ ಮುಂದಿದೆ. ಹೆಚ್ಚಿನ ಪುಟಗಳು ಖಾಲಿ. ಅವನು ಉತ್ತರಿಸಿದ್ದ ಪ್ರಶ್ನೆಗಳ ಒಟ್ಟು ಅಂಕ 22. ಅದರಲ್ಲಿ ಅವನಿಗೆ ಬಂದದ್ದು 19. ಅಂದರೆ ಅವನು ಊರಿನಲ್ಲಿದ್ದಾಗ ನಾನು ಕಲಿಸಿದ ಪಾಠಗಳನ್ನು ಹೆಚ್ಚುಕಡಿಮೆ ತಪ್ಪಿಲ್ಲದೆ ಮಾಡಿದ್ದ. ಅವನಿಲ್ಲದಾಗ ಕಲಿಸಿದ್ದನ್ನು ಮುಟ್ಟಿರಲಿಲ್ಲ. ಕೆಂಪು ಮಸಿಯಿಂದ ನಾನು ನೂರಕ್ಕೆ 19 ಎಂದು ಬರೆದೆ. 22ಕ್ಕೆ 19 ಎಂದು ಓದಲಿಲ್ಲ.

ಆಗ ನನ್ನದೊಂದು ಪದ್ಧತಿ ಇತ್ತು. ನಿಮ್ಮಲ್ಲಿ ಅನೇಕರು ಅದನ್ನು ಅನುಭವಿಸಿದ್ದೀರಿ. ಫಲಿತಾಂಶದ ದಿನ ಮೊದಲನೆಯ ನಂಬರಿನಿಂದ ಕೊನೆಯ ನಂಬರಿನವರೆಗೆ ಗಟ್ಟಿಯಾಗಿ ಓದುವುದು. ಆ ಕ್ರಮದಲ್ಲಿಯೇ ಕೂರಿಸುವುದು. ಮುಂದಿನವರು ಮುಂದೆ, ಕೊನೆಯವರು ಬಾಗಿಲ ಬಳಿ. ಆ ತರಗತಿಯಲ್ಲಿ 43 ಮಕ್ಕಳು. ನಲವತ್ತೆರಡು ಹೆಸರು ಓದಿದ ಮೇಲೆ, "ನಲವತ್ತಮೂರನೆಯವನು ಯಾರೆಂದು ಬೇರೆ ಹೇಳಬೇಕೇ?" ಎಂದೆ. ಇಡೀ ತರಗತಿ ನಕ್ಕಿತು. ನಾನೂ ನಕ್ಕೆನೆಂದು ಕಾಣುತ್ತದೆ. ಹುಡುಗ ಎದ್ದು ಹೋಗಿ ಬಾಗಿಲ ಬಳಿ ಕುಳಿತ. ದೀಪಾವಳಿ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ಕೆಲವು ವಾರ ಗೈರುಹಾಜರಿ ಹಾಕಿ, ಕೊನೆಗೆ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದೆ. ಆ ವರ್ಷ ಹಾಗೆ ಗೆರೆ ಎಳೆಸಿಕೊಂಡ ಹೆಸರುಗಳು ಇನ್ನೂ ಇದ್ದವು. ಬರದ ಕಾಲ, ಯಾರೂ ನನ್ನನ್ನು ಕೇಳಲಿಲ್ಲ.

2019ರ ಜನವರಿಯಲ್ಲಿ ಗವಿಮಠದ ಜಾತ್ರೆ. ತೇರು ಎಳೆದ ಮರುದಿನ ಮಹಾದಾಸೋಹದ ಪಂಕ್ತಿಯಲ್ಲಿ ರೊಟ್ಟಿ, ಮಾದಲಿ ಉಣ್ಣುತ್ತಿದ್ದಾಗ, ಪಕ್ಕಕ್ಕೆ ಬಂದು ಕುಳಿತ ಒಬ್ಬ ಮನುಷ್ಯ ನನ್ನ ಕಾಲು ಮುಟ್ಟಿ ನಮಸ್ಕರಿಸಿದ. ಐವತ್ತರ ಹತ್ತಿರದ ವಯಸ್ಸು, ಬಿಳಿಯ ಅಂಗಿ, ಜೊತೆಯಲ್ಲಿ ಕಾಲೇಜಿಗೆ ಹೋಗುವ ವಯಸ್ಸಿನ ಮಗಳು.

"ಗುರ್ತು ಸಿಕ್ಕಿಲ್ಲೇನ್ರಿ ಸರ? ನಾನ್ರೀ, ನಲವತ್ತಮೂರನೇ ನಂಬರು."

ಅದರಲ್ಲಿ ವ್ಯಂಗ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ಮೇಷ್ಟ್ರಿಗೆ ಬೇಗ ಗುರುತು ಸಿಗಲೆಂದು ಅವನು ಹೇಳಿದ ಗುರುತು ಅದು. ಮೂವತ್ತಮೂರು ವರ್ಷ ಅವನು ಆ ಸಂಖ್ಯೆಯನ್ನು ಹೊತ್ತುಕೊಂಡಿದ್ದ. ಗೋವಾದಲ್ಲಿ ಸೆಂಟ್ರಿಂಗ್ ಕೆಲಸದ ಗುತ್ತಿಗೆ ಹಿಡಿಯುತ್ತಾನಂತೆ. ನಕ್ಷೆ ನೋಡಿ, ಇಷ್ಟು ಛತ್ತಿಗೆ ಇಷ್ಟು ಕಬ್ಬಿಣ ಬೇಕೆಂದು ಬಾಯಿಲೆಕ್ಕದಲ್ಲಿ ಹೇಳುತ್ತಾನೆಂದು ಮಗಳು ಹೆಮ್ಮೆಯಿಂದ ಹೇಳಿದಳು. "ಲೆಕ್ಕ ನಿಮ್ಮಿಂದ ಕಲ್ತದ್ದು ಸರ" ಎಂದ ಅವನು. ನಾನು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತ ಕುಳಿತೆ. ಕ್ಷಮಿಸು ಎನ್ನಲು ನಾಲಿಗೆ ಏಳಲಿಲ್ಲ. ಮೇಷ್ಟ್ರುತನದ ಒಂದು ದೋಷವೆಂದರೆ ಆ ಶಬ್ದವನ್ನು ಬಳಸಿ ರೂಢಿಯಿರುವುದಿಲ್ಲ.

ಮೊಮ್ಮಗನ ನೋಟುಬುಕ್ಕು ನೋಡಿದಾಗ ನನಗೆ ನೆನಪಾದದ್ದು ಈ ಮನುಷ್ಯ.

ಆ ಮೊಬೈಲಿನ ಏಣಿಯನ್ನು ನನ್ನ ಹಳೆಯ ನಂಬರು ಪದ್ಧತಿಯ ಪಕ್ಕಕ್ಕೆ ಇಟ್ಟು ನೋಡಿದೆ. ಏಣಿ ಒಂದು ಕೈ ನೋಡಿ ತೀರ್ಪು ಕೊಡುವುದಿಲ್ಲ. ನೂರಾರು ಕೈ ಆಡಿಸುತ್ತದೆ. ಸಾಧ್ಯವಾದಷ್ಟು ಸಮಬಲದವರನ್ನೇ ಎದುರಿಗೆ ಕೂರಿಸುತ್ತದೆ. ಆದ್ದರಿಂದ ಯಾರೇ ಆದರೂ ತಮಗೆ ತಕ್ಕ ಮೆಟ್ಟಿಲಿಗೆ ಬಂದ ಮೇಲೆ ಸರಿಸುಮಾರು ಅರ್ಧ ಗೆಲ್ಲುತ್ತಾರೆ, ಅರ್ಧ ಸೋಲುತ್ತಾರೆ. ಅಲ್ಲಿಯ ಸೋಲು ದಡ್ಡತನದ ಗುರುತಲ್ಲ, ಸರಿಯಾದ ಜಾಗಕ್ಕೆ ಬಂದ ಗುರುತು. ಚದುರಂಗದಲ್ಲಿ ಈ ವಿಚಾರವನ್ನು ಲೆಕ್ಕಕ್ಕೆ ಇಳಿಸಿದವರು ಆರ್ಪಾದ್ ಎಲೋ ಎಂಬ ಭೌತಶಾಸ್ತ್ರದ ಅಧ್ಯಾಪಕರು. ಅವರ ಪದ್ಧತಿಯನ್ನು ವಿಶ್ವ ಚದುರಂಗ ಸಂಸ್ಥೆ 1970ರಲ್ಲಿ ಒಪ್ಪಿಕೊಂಡಿತು. ಅದರಲ್ಲಿ ಬಲಶಾಲಿಯೆದುರು ಸೋತರೆ ಅಂಕ ಕಳೆಯುವುದು ಸ್ವಲ್ಪವೇ. ಅವನನ್ನು ಗೆದ್ದರೆ ಸಿಗುವುದು ಬಹಳ. ಎದುರಿಗೆ ಏನಿತ್ತು ಎಂಬುದನ್ನು ಗಮನಿಸದೆ ಫಲಿತಾಂಶವನ್ನು ತೂಗುವುದಿಲ್ಲ. ನಾನು ತೂಗುತ್ತಿದ್ದೆ.

ಇನ್ನೊಂದು ವ್ಯತ್ಯಾಸವೇ ದೊಡ್ಡದು. ತಿಂಗಳು ಮುಗಿದೊಡನೆ ಆ ಏಣಿಯನ್ನು ಮಡಚಿಡುತ್ತಾರೆ. ಡೈಮಂಡಿನವನೂ ಲೆಜೆಂಡಿನವನೂ ಒಂದನೆಯ ತಾರೀಖಿಗೆ ಕಂಚಿನ ಹತ್ತನೆಯ ಮೆಟ್ಟಿಲಿಗೆ ಇಳಿಯುತ್ತಾರೆ. ಹಿಂದೆ ಚೆನ್ನಾಗಿ ಆಡಿದವನು ಬೇಗ ಏರಲೆಂದು ನಕ್ಷತ್ರಗಳನ್ನು ಹೆಚ್ಚಿಗೆ ಕೊಡುತ್ತಾರೆ, ನಿಜ. ಆದರೆ ಹಳೆಯ ಸೋಲಿನ ಸಂಖ್ಯೆಯನ್ನು ಯಾರೂ ಹೊತ್ತು ತಿರುಗಬೇಕಾಗಿಲ್ಲ. ನಾನು ಹಚ್ಚಿದ ನಂಬರಿಗೆ ಒಂದನೆಯ ತಾರೀಖೇ ಬರಲಿಲ್ಲ.

ಹಾಗೆಂದು ಈ ಆಟ ಹಾಲಿನಂತೆ ಶುದ್ಧ ಎಂದು ಹೇಳಲಾರೆ. ಕಟ್ಟಿಗೆ ಬೇಕಾದ ಎಲೆಗಳು ಐದೈದರ ಪೊಟ್ಟಣದಲ್ಲಿ ಬರುತ್ತವೆ. ಆಡಿ ಗಳಿಸಬಹುದು, ದುಡ್ಡು ಕೊಟ್ಟೂ ಕೊಳ್ಳಬಹುದು. ಒಳಗೆ ಏನಿದೆಯೆಂದು ತೆರೆಯುವ ತನಕ ತಿಳಿಯದು. 2017ರಲ್ಲಿ ಚೀನಾ ಸರಕಾರ ಇಂಥ ಪೊಟ್ಟಣಗಳ ಸಾಧ್ಯತೆಯನ್ನು ಬಹಿರಂಗಪಡಿಸಬೇಕೆಂದು ಕಡ್ಡಾಯ ಮಾಡಿದಾಗ, ಅತಿ ವಿರಳ ಎಲೆ ಸರಾಸರಿ 20 ಪೊಟ್ಟಣಕ್ಕೆ ಒಂದು ಎಂದು ಪ್ರಕಟವಾಯಿತು. ಅಂದರೆ ಇಲ್ಲಿಯೂ ಕಾಲುವೆಯ ಹೊಲ ಉಂಟು, ಮಳೆಯ ಹೊಲ ಉಂಟು. ಮೊಮ್ಮಗ ಪೊಟ್ಟಣಕ್ಕೆಂದು ಅಜ್ಜಿಯ ಬಳಿ ದುಡ್ಡು ಕೇಳಿದಾಗ ನಾನು ಬೇಡವೆಂದೆ. ಇರುವ ಎಲೆಗಳಲ್ಲಿ ಕಟ್ಟು ಕಟ್ಟು, ಅದೇ ವಿದ್ಯೆ ಎಂದೆ. ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದ. ಸಾಲಾಗಿ ಎರಡು ಸೋತರೆ ಮೊಬೈಲು ಕೆಳಗಿಡಬೇಕೆಂಬ ನಿಯಮವನ್ನೂ ಮಾಡಿದೆವು. ಸಿಟ್ಟಿನಲ್ಲಿ ಆಡಿದ ಎಲೆ ತನ್ನ ಎಲೆಯಲ್ಲ ಎಂಬುದನ್ನು ಅವನೂ ಬಲ್ಲ.

ಇದು ಜೂಜಲ್ಲವೇ ಎಂದು ನಮ್ಮ ಬಂಧುಗಳೊಬ್ಬರು ಫೋನಿನಲ್ಲಿ ಗದರಿದರು. ಅವರ ಆತಂಕ ನ್ಯಾಯವಾದದ್ದೇ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಮ್ಮ ರಾಜ್ಯ 2021ರಲ್ಲಿ ಕಾನೂನು ತಂದು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆಯನ್ನು ಅಂಗೀಕರಿಸಿತು. ಹಣ ಪಣವಿಡುವ ಆನ್‌ಲೈನ್ ಆಟಗಳಿಗೆ ಅದು ನಿಷೇಧ. ಇ-ಸ್ಪೋರ್ಟ್ಸ್ ಎಂಬ ಸ್ಪರ್ಧೆಗಳನ್ನು ಬೇರೆ ಮಾಡಿ ಮಾನ್ಯ ಮಾಡಿದೆ. ಮೊಮ್ಮಗನ ಏಣಿಯಲ್ಲಿ ಪಣವಿಲ್ಲ. ಹೋಗುವುದು ನಕ್ಷತ್ರ ಮಾತ್ರ, ಮತ್ತು ಹೊತ್ತು. ಹೊತ್ತೂ ಹಣವೇ ಎಂಬುದನ್ನು ನಾನು ಅವನಿಗೆ ನೆನಪಿಸುತ್ತಲೇ ಇರುತ್ತೇನೆ. ಅವನು ನನಗೆ ತೀರ್ಥ್ ಮೆಹ್ತಾ ಅವರ ಹೆಸರು ಹೇಳುತ್ತಾನೆ. ಗುಜರಾತಿನ ಭುಜ್ ಊರಿನ ಈ ತರುಣ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರದರ್ಶನ ಸ್ಪರ್ಧೆಯಾಗಿ ಆಡಿಸಿದ ಇದೇ ಆಟದಲ್ಲಿ ಕಂಚು ಗೆದ್ದರು. ಆ ಪದಕ ದೇಶದ ಅಧಿಕೃತ ಪಟ್ಟಿಗೆ ಸೇರಲಿಲ್ಲ. ಆದರೂ ಭುಜ್ ನಮ್ಮ ಕೊಪ್ಪಳದ ಹಾಗೆಯೇ ಮಹಾನಗರಗಳಿಂದ ದೂರದ ಊರು ಎಂಬುದು ನನಗೆ ಹಿಡಿಸಿತು.

ಮೇ ತಿಂಗಳ ಕೊನೆಗೆ ಮೊಮ್ಮಗ ಡೈಮಂಡ್ ಮೂರಕ್ಕೆ ಏರಿ ನಿಂತ. ಅಟ್ಟ ತಲುಪಲಿಲ್ಲ. ನೋಟುಬುಕ್ಕಿನ ಕೊನೆಯ ಪುಟದಲ್ಲಿ ಒಟ್ಟು ಲೆಕ್ಕ ಹಾಕಿ, "ಅಜ್ಜಾ, ಸೋತದ್ದರಾಗ ಅರ್ಧಕ್ಕಿಂತ ಹೆಚ್ಚು ಎಲಿ ಅಂದ್ಕೊಂಡಿದ್ದೆ. ನೋಡಿದ್ರ ಆಟನ ಹೆಚ್ಚು ಐತಿ" ಎಂದು ನಕ್ಕ. ಸೋಲಿನ ಹೊಣೆಯನ್ನು ತನ್ನ ಕಡೆಗೆ ಹೀಗೆ ನಗುತ್ತ ಎಳೆದುಕೊಂಡ ಹುಡುಗನ ಬಗ್ಗೆ ನನಗೆ ಇನ್ನು ಚಿಂತೆಯಿಲ್ಲ. ಅವನಿಗೆ ಹಾಗೆ ಮಾಡಲು ಸಾಧ್ಯವಾದದ್ದು, ಮೊದಲು ಎಲೆಯ ಪಾಲನ್ನು ಎಲೆಗೆ ಕೊಟ್ಟಿದ್ದರಿಂದ.

ಅವನು ಊರಿಗೆ ಹೋದ ಮೇಲೆ ನಾನೂ ನನ್ನ ಮೊಬೈಲಿನಲ್ಲಿ ಆಡುತ್ತಿದ್ದೇನೆ. ಕಂಚಿನಲ್ಲಿಯೇ ಇದ್ದೇನೆ. ಒಂದು ಸರದಿಗೆ 75 ಸೆಕೆಂಡು. ಹೊತ್ತು ಮೀರುತ್ತಿದ್ದಂತೆ ಪರದೆಯ ನಡುವೆ ಒಂದು ಹಗ್ಗ ಉರಿಯತೊಡಗುತ್ತದೆ. ನನ್ನ ಕನ್ನಡಕ ಸರಿಪಡಿಸಿಕೊಳ್ಳುವಷ್ಟರಲ್ಲಿ ಹಗ್ಗ ಬೂದಿ. ಎದುರಾಳಿಯೊಡನೆ ಮಾತನಾಡುವಂತಿಲ್ಲ, ಮೊದಲೇ ಗೊತ್ತುಮಾಡಿದ ನಾಲ್ಕಾರು ಮಾತುಗಳನ್ನಷ್ಟೇ ಕಳಿಸಬಹುದು. ಅವುಗಳಲ್ಲಿ ಒಂದು, "ಚೆನ್ನಾಗಿ ಆಡಿದಿರಿ" ಎಂಬುದು. ಸೋತ ನನಗೆ ಯಾರೋ ಮೊನ್ನೆ ಅದನ್ನು ಕಳಿಸಿದರು. ಸೋತವನಿಗೂ ಆ ಮಾತು ಹೇಳಬಹುದೆಂಬುದು ನನಗೆ ಎಪ್ಪತ್ತೈದು ದಾಟಿದ ಮೇಲೆ ತಿಳಿಯಿತು.

ಮೊಮ್ಮಗನಂತೆ ನಾನೂ ಒಂದು ನೋಟುಬುಕ್ಕು ಇಟ್ಟಿದ್ದೇನೆ. ಅದರ ಮೊದಲ ಸಾಲು ಮೊಬೈಲಿನ ಆಟದ್ದಲ್ಲ. 1986, ಅರ್ಧವಾರ್ಷಿಕ ಪರೀಕ್ಷೆ, ಎಂಟನೆಯ ತರಗತಿ. ಆ ಹುಡುಗನ ಸೋಲನ್ನು "ಎಲೆ" ಅಂಕಣದಲ್ಲಿ ಬರೆದೆ. ನನ್ನದನ್ನು "ಆಟ" ಅಂಕಣದಲ್ಲಿ ಬರೆದೆ.

ನನ್ನ ಹಳೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಯಾರಾದರೂ ನಾನು ಓದಿ ಹೇಳಿದ ನಂಬರೊಂದನ್ನು ಇನ್ನೂ ಹೊತ್ತುಕೊಂಡಿದ್ದರೆ, ದಯವಿಟ್ಟು ಇಂದೇ ಇಳಿಸಿಬಿಡಿ. ಅದು ಒಂದು ಕೈ ನೋಡಿ ಹಚ್ಚಿದ ನಂಬರು. ಗೋವಾದಲ್ಲಿರುವ ಆ ನನ್ನ ವಿದ್ಯಾರ್ಥಿಯ ಪರಿಚಯ ನಿಮಗಿದ್ದರೆ ಮೇಷ್ಟ್ರು ಕೇಳಿದರೆಂದು ತಿಳಿಸಿರಿ. ಮುಂದಿನ ಜಾತ್ರೆಗೆ ಬಂದರೆ ಅವನು ಹೆಸರು ಹೇಳಬೇಕಾಗಿಲ್ಲ, ನಂಬರೂ ಹೇಳಬೇಕಾಗಿಲ್ಲ. ನನಗೆ ಗುರುತು ಸಿಗುತ್ತದೆ. ಅಂದು ಪಂಕ್ತಿಯಲ್ಲಿ ಆಡಲಾಗದೆ ಉಳಿದ ಆ ಒಂದು ಮಾತನ್ನು ಈ ಸಲ ಆಡುತ್ತೇನೆ.